ಕೋಡಿ ಕಟ್ಟಿದರೆ ಏರಿ ಒಡೆಯುತ್ತದೆ: ಮಂಡ್ಯದ ಕೆರೆಗಳ ಹಿನ್ನೆಲೆ

ಮಂಡ್ಯ ಸೀಮೆಯಲ್ಲಿ ನೆರೆ ಎಂದರೆ ಎಲ್ಲರ ಕಣ್ಣೂ ಕೆಆರ್‌ಎಸ್ ಅಣೆಕಟ್ಟೆ ತುಂಬುವ ಮಟ್ಟವಾದ 124.80 ಅಡಿಯ ಮೇಲೆ. ಅಲ್ಲಿ ಗೇಟು ತೆರೆಯುವ ಮುನ್ನ ಹೊಳೆದಂಡೆಯ ಊರುಗಳಿಗೆ ಎಚ್ಚರಿಕೆ ಕೊಡುತ್ತಾರೆ. ಊರ ಮೇಲುಗಡೆಯ ಕೆರೆ ಒಡೆದಾಗ ಹೀಗೆ ಮೊದಲೇ ಹೇಳುವವರು ಇರುವುದಿಲ್ಲ.

ಹಿಂದೆ ಇದ್ದರು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಕಟ್ಟುಕೊಡಗಿ ಎಂಬ ಇನಾಂ ಭೂಮಿ ಸಿಗುತ್ತಿತ್ತು. ಗದ್ದೆಗೆ ನೀರು ಬಿಡುವ ತೂಬು, ಕೆರೆಯ ಮಣ್ಣಿನ ದಂಡೆಯಾದ ಏರಿ ನೋಡಿಕೊಳ್ಳುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಲ್ಲೇ ಭತ್ತ ಅಳೆದು ಕೊಡುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಎಂಜಿನಿಯರ್ ಸ್ಯಾಂಕಿ 1860ರ ದಶಕದಲ್ಲೇ ಬರೆದಿದ್ದರು. ಒಂದು ಕೆರೆ ತುಂಬಿ ಅದರ ಕೋಡಿಯಲ್ಲಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿಯಲ್ಲಿ, ಹರಿದ ನೀರು ಇನ್ನೊಂದಕ್ಕೆ ಇಳಿಯುವ ಸರಪಳಿ ಅಷ್ಟು ದಟ್ಟವಾಗಿತ್ತು. ಮೇಲಿನದು ಒಡೆದರೆ ಕೆಳಗಿನವೂ ಸಾಲಾಗಿ ಒಡೆಯುವುದು ಅದಕ್ಕೇ.

ಊರಿನವರೇ ಕೆರೆ ನೋಡಿಕೊಳ್ಳಲೆಂದು 1911ರಲ್ಲಿ ಸಂಸ್ಥಾನ ಕೆರೆ ಪಂಚಾಯಿತಿ ಕಾನೂನು ತಂದಿತು. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಊರಿನವರ ಗಮನ ನಾಲೆಯ ಕಡೆ ತಿರುಗಿತು. ಈಗ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು (ನೀರುಣ್ಣುವ ಜಮೀನು) ಇರುವ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕದು ಜಿಲ್ಲಾ ಪಂಚಾಯಿತಿಗೆ. ಕಾಗದದಲ್ಲಿ ಹಂಚಿಕೆ ಸರಿಯಾಗಿದೆ. ರಾತ್ರಿ ಏರಿ ಮೇಲೆ ನಿಲ್ಲುವವರು ಯಾರೆಂಬುದು ಮಾತ್ರ ಅದರಲ್ಲಿಲ್ಲ.

ಮಣ್ಣಿನ ಏರಿ ಎಷ್ಟು ನೀರನ್ನಾದರೂ ತಡೆದೀತು, ನೆತ್ತಿ ಮೇಲೆ ಹರಿಯುವ ನೀರನ್ನು ತಾಳದು. ಹಿಂಬದಿಯ ಮಣ್ಣು ಕೊರೆದು ಸ್ವಲ್ಪ ಹೊತ್ತಿನಲ್ಲೇ ಬಾಯಿ ಬಿಡುತ್ತದೆ. ಆದ್ದರಿಂದ ಕೋಡಿಯ ಮಟ್ಟಕ್ಕಿಂತ ಏರಿ ಕನಿಷ್ಠ ಒಂದು ಮೀಟರ್ ಎತ್ತರವಿರಬೇಕು. ಕೆಡುವುದು ಇಲ್ಲೇ. ಇನ್ನೊಂದಡಿ ನೀರು ನಿಲ್ಲಲಿ ಎಂದು ರೈತರು ಕೋಡಿಗೆ ಮರಳು ಚೀಲ ಪೇರಿಸುತ್ತಾರೆ. ಮೀನು ಹೋಗದಿರಲೆಂದು ಗುತ್ತಿಗೆದಾರರು ಬಲೆ ಕಟ್ಟುತ್ತಾರೆ; ಜೊಂಡು, ಕಸ, ಪ್ಲಾಸ್ಟಿಕ್ ಅಂಟಿಕೊಂಡು ಬಲೆಯೇ ಗೋಡೆಯಾಗುತ್ತದೆ. ಕೋಡಿ ಹಳ್ಳದಲ್ಲಿ ಕಬ್ಬು ನೆಟ್ಟವರ ಬಗ್ಗೆ ಹೇಳುವುದೇ ಬೇಡ.

ಏರಿಯ ಹಿಂಬದಿಯ ಪೊದೆ ಸವರಿದರೆ ಸೋರಿಕೆ ಕಣ್ಣಿಗೆ ಬೀಳುತ್ತದೆ. ಇಲಿ, ಏಡಿ ಬಿಲಗಳ ಬಾಯಿಗಷ್ಟೇ ಮಣ್ಣು ತುರುಕಿದರೆ ಸಾಲದು. ಕೊನೆವರೆಗೆ ಅಗೆದು, ಜೇಡಿಮಣ್ಣನ್ನು ಅರ್ಧ ಅಡಿಗೊಂದು ಪದರದಂತೆ ದಿಮ್ಮಿಸಬೇಕು. ದೊಡ್ಡ ಮರ ಕಡಿದು ಬೇರು ಬಿಟ್ಟರೆ ಅದು ಕೊಳೆತು ನೀರಿಗೆ ಕೊಳವೆಯಾಗುತ್ತದೆ.

ಸೋರುವ ನೀರು ತಿಳಿಯಾಗಿದ್ದರೆ ಕಾವಲಿಟ್ಟು ನೋಡಬಹುದು. ಕೆಂಪಗೆ ಬಂದರೆ ಒಳಗಿನ ಮಣ್ಣು ಹೋಗುತ್ತಿದೆ ಎಂದರ್ಥ. ತಕ್ಷಣ ಇಲಾಖೆಗೂ ಕೆಳಗಿನ ಊರಿಗೂ ತಿಳಿಸಬೇಕು. ಆ ತೂತಿಗೆ ಗೋಣಿ ತುರುಕಬಾರದು, ನೀರು ಪಕ್ಕದಲ್ಲಿ ಒಡೆದು ಬರುತ್ತದೆ. ಸುತ್ತ ಚೀಲಗಳನ್ನು ಬಾವಿಯ ಕಟ್ಟೆಯಂತೆ ಪೇರಿಸಿ, ಒಳಗೆ ನೀರು ಏರಲು ಬಿಟ್ಟರೆ ಎದುರೊತ್ತಡಕ್ಕೆ ಮಣ್ಣು ನಿಲ್ಲುತ್ತದೆ. ಬರುವ ನೀರು ತಿಳಿಯಾದಾಗ ಪೇರಿಸುವುದನ್ನು ನಿಲ್ಲಿಸಬೇಕು. ಚೀಲಕ್ಕೆ ಮುಕ್ಕಾಲಿಗಿಂತ ಹೆಚ್ಚು ತುಂಬಿದರೆ ಒಂದಕ್ಕೊಂದು ಒತ್ತಿ ಕೂರುವುದಿಲ್ಲ.

ಇಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನೆನೆದ ಏರಿ ಮೇಲೆ ಟ್ರ್ಯಾಕ್ಟರ್ ಹತ್ತುವುದಿಲ್ಲ. ಖಾಲಿ ಚೀಲ, ಮರಳು, ಗುದ್ದಲಿ ಆಗಸ್ಟ್ ಮುಗಿಯುವುದರೊಳಗೆ ತೂಬಿನ ಬಳಿ ಸೇರಿರಬೇಕು.