ಚಿಗರಿ, ಹಂದಿ ಮತ್ತು ಬಂದೂಕಿನ ಲೆಕ್ಕ

ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೆ ‘ಚಿಗರಿ’ ಅಂತ ಹೆಸರಿಟ್ಟಾಗ ನನಗೆ ಬಹಳ ಖುಷಿಯಾಗಿತ್ತು. ಪುಸ್ತಕದ ಕೃಷ್ಣಮೃಗಕ್ಕಿಂತ ನಮ್ಮ ನಾಲಿಗೆಯ ಚಿಗರಿಯೇ ಚೆಂದ. ಆದರೆ ರಾಣೆಬೆನ್ನೂರು ತಾಲೂಕಿನಲ್ಲಿ ಗೋವಿನಜೋಳ ಬೆಳೆಯುವ ನಮ್ಮ ಮಾವನ ಮುಂದೆ ಆ ಖುಷಿ ತೋರಿಸುವ ಹಾಗಿಲ್ಲ. “ನಿಮ್ಮೂರಾಗ ಚಿಗರಿ ಟಿಕೆಟ್ ತೊಗೊಂಡ ಮಂದಿನ್ನ ಹೊತ್ಕೊಂಡು ಹೋಗ್ತೈತಿ. ನಮ್ಮೂರಾಗ ಪುಕ್ಕಟೆ ಉಂಡು ಹೋಗ್ತೈತಿ,” ಅಂದರು ಒಮ್ಮೆ.

ಮೊಳಕೆ ಒಡೆದ ಹೊಲಕ್ಕೆ ಚಿಗರಿ ಬಿದ್ದರೆ, ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ಹಂದಿ ಬೀಳುತ್ತದೆ. ಕಳೆದ ಗಣಪತಿ ಹಬ್ಬದ ಹೊತ್ತಿನಲ್ಲಿ ಮಾವನ ಜೊತೆ ಒಂದು ರಾತ್ರಿ ಅಟ್ಟಣಿಗೆ ಮೇಲೆ ಕೂತಿದ್ದೆ. ಹೊಲದ ಸುತ್ತ ಅತ್ತೆಯ ಹಳೇ ಸೀರೆಗಳು, ಒಂದು ಡಬ್ಬ, ಒಂದು ಬ್ಯಾಟರಿ. ಎರಡು ಗಂಟೆಯ ಮೇಲೆ ಪಡುವಣ ಮೂಲೆಯಲ್ಲಿ ದಂಟು ಮುರಿಯುವ ಸದ್ದು, ‘ಲಟಕ್, ಲಟಕ್’ ಅಂತ. ನಾವು ಡಬ್ಬ ಬಡಿದು ಓಡುವುದರೊಳಗೆ ಅವು ಮೂಡಣ ಮೂಲೆಯಲ್ಲಿದ್ದವು. ಬೆಳಗ್ಗೆ ನೋಡಿದರೆ ಒಂದು ತೆನೆ ತಿನ್ನಲಿಕ್ಕೆ ಹತ್ತು ದಂಟು ಕೆಡವಿ ಹೋಗಿವೆ. ಕೆಲವು ತೆನೆಗಳಿಗೆ ಒಂದೇ ಬಾಯಿ ಹಾಕಿ ಬಿಟ್ಟಿದ್ದವು.

“ವರ್ಷಕ್ಕ ಒಂದೆರಡನ್ನ ಹೊಡ್ಯಾಕ ಬಿಟ್ಟಿದ್ರ ನನಗೂ ನಿದ್ದಿ, ಅವಕ್ಕೂ ಶಿಸ್ತು,” ಅಂದರು ಮಾವ.

ವನ್ಯಜೀವಿಗಳ ಬಗ್ಗೆ ಬರೆಯುವ ನಾನು ‘ಛೆ, ಛೆ’ ಅನ್ನಬೇಕಿತ್ತು. ಅನ್ನಲಿಲ್ಲ, ಯಾಕೆಂದರೆ ಆ ಮಾತಿನಲ್ಲಿ ಅರ್ಧ ವಿಜ್ಞಾನ ಇತ್ತು.

ನೂರು ಚಿಗರಿಗೆ ಸಾಲುವಷ್ಟು ಹುಲ್ಲಿರುವ ಒಂದು ಬಯಲು ಅಂದುಕೊಳ್ಳಿ. ಅಲ್ಲಿ ಹತ್ತೇ ಇದ್ದರೆ ಮೇವು ಬೇಕಾದಷ್ಟು, ಆದರೆ ಮರಿ ಹಾಕುವ ಹೆಣ್ಣುಗಳು ನಾಲ್ಕೋ ಐದೋ. ನೂರು ತುಂಬಿದರೆ ಹೆಣ್ಣುಗಳಿಗೆ ಕೊರತೆಯಿಲ್ಲ, ಮೇವಿಗೆ ಕೊರತೆ. ಬೇಸಿಗೆಯಲ್ಲಿ ಮರಿಗಳು ಬಡಕಲಾಗಿ ಸಾಯುತ್ತವೆ, ಹುಟ್ಟಿದ್ದು ಸತ್ತದ್ದು ಸರಿಹೋಗುತ್ತದೆ. ಹಿಂಡು ಅತಿ ಬೇಗ ಬೆಳೆಯುವುದು ಐವತ್ತರ ಆಸುಪಾಸಿನಲ್ಲಿ. ಹಾಗೆ ಬೆಳೆದಷ್ಟನ್ನೇ ವರ್ಷವರ್ಷ ತೆಗೆದರೆ ಹಿಂಡು ಐವತ್ತರಲ್ಲೇ ನಿಲ್ಲುತ್ತದೆ: ಅಸಲು ಮುಟ್ಟದೆ ಬಡ್ಡಿ ಉಂಡ ಹಾಗೆ. ಬೇಸಿಗೆಯಲ್ಲಿ ಹೇಗೂ ಸಾಯಲಿದ್ದ ಕೆಲವನ್ನು ದೀಪಾವಳಿ ಹೊತ್ತಿಗೇ ಬೇಟೆಗಾರ ಒಯ್ದರೆ ಉಳಿದವಕ್ಕೆ ಮೇವು ಹೆಚ್ಚು ಸಿಗುತ್ತದೆ, ಅಷ್ಟರ ಮಟ್ಟಿಗೆ ಬೇಸಿಗೆಯ ಸಾವು ಕಡಿಮೆಯಾಗುತ್ತದೆ. ಬೇಟೆಯಿಂದ ಪ್ರಾಣಿಗೂ ಲಾಭ ಅನ್ನುವವರ ವಾದದ ಬುಡ ಇದು.

ಈ ಬಡ್ಡಿ ಲೆಕ್ಕವನ್ನು ದೊಡ್ಡದಾಗಿ ಮಾಡಿದವರು ಅಮೆರಿಕದವರು, ಅದೂ ಅಸಲನ್ನೆಲ್ಲ ಕಳಕೊಂಡ ಮೇಲೆ. ಆಕಾಶ ಮುಚ್ಚುವಷ್ಟು ಗುಂಪಾಗಿ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳನ್ನು ಹೊಡೆದು ಹೊಡೆದು ಮುಗಿಸಿದರು. ಕೊನೆಯದು 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಆಮೇಲೆ ಬುದ್ಧಿ ಬಂತು. 1934ರಿಂದ ಬಾತುಕೋಳಿ ಬೇಟೆಗೆ ಹೋಗುವವನು ಪ್ರತಿವರ್ಷ ಒಂದು ‘ಡಕ್ ಸ್ಟಾಂಪ್’ ಕೊಳ್ಳಬೇಕು. ಆ ಹಣದ ನೂರರಲ್ಲಿ 98 ಪಾಲು ಜೌಗು ನೆಲ ಉಳಿಸುವುದಕ್ಕೆ ಹೋಗುತ್ತದೆ. 1937ರ ಇನ್ನೊಂದು ಕಾನೂನು ಬೇಟೆ ಬಂದೂಕು, ಮದ್ದುಗುಂಡುಗಳ ಮೇಲಿನ ಶೇಕಡಾ 11ರ ತೆರಿಗೆಯನ್ನು ನೇರವಾಗಿ ವನ್ಯಜೀವಿಗಳ ಕೆಲಸಕ್ಕೆ ತಿರುಗಿಸಿತು. 1900ರ ಹೊತ್ತಿಗೆ ಐದು ಲಕ್ಷದ ಆಸುಪಾಸಿಗೆ ಇಳಿದಿದ್ದ ಬಿಳಿಬಾಲದ ಜಿಂಕೆ ಈಗ ಮೂರು ಕೋಟಿಯ ಹತ್ತಿರ ಇದೆ. ಹೆಚ್ಚಾಯಿತು ಅಂತಲೇ ಹೇಳಬೇಕು: ತೋಳ ಇಲ್ಲದ ಕಾಡುಗಳಲ್ಲಿ ಅವು ಸಸಿಗಳನ್ನೆಲ್ಲ ಮೇದುಬಿಡುತ್ತವೆ, ರಸ್ತೆಯಲ್ಲಿ ಕಾರುಗಳಿಗೆ ಅಡ್ಡ ಬರುತ್ತವೆ. ಅಲ್ಲಿ ಬೇಟೆ ನಿಂತರೆ ಕಾಡಿಗೇ ಕಷ್ಟ.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಪಾಕಿಸ್ತಾನದ ಮಾರ್ಖೋರ್ ಕತೆ. ಹುರಿಗೊಂಡ ಕೋಡಿನ ಈ ಬೆಟ್ಟದ ಮೇಕೆಯನ್ನು ಹಳ್ಳಿಯವರು ಮಾಂಸಕ್ಕೆಂದು ಹೊಡೆದು ಖಾಲಿ ಮಾಡುತ್ತಿದ್ದರು. ಈಗ ವರ್ಷಕ್ಕೆ ಕೆಲವೇ ಮುದಿ ಗಂಡುಗಳ ಬೇಟೆಗೆ ಪರವಾನಗಿ ಹರಾಜಾಗುತ್ತದೆ, ಒಂದೊಂದು ಒಂದು ಲಕ್ಷ ಡಾಲರು ದಾಟಿದ್ದೂ ಉಂಟು. ಅದರ ಶೇಕಡಾ 80 ಆ ಕಣಿವೆಯ ಜನರಿಗೇ ಹೋಗುತ್ತದೆ. ಶಾಲೆ, ನೀರು, ಕಾವಲುಗಾರನ ಪಗಾರ ಎಲ್ಲ ಆ ದುಡ್ಡಿನಲ್ಲೇ. ಹಾಗಾಗಿ ಕಳ್ಳಬೇಟೆಗಾರ ಬಂದರೆ ಊರೇ ಹಿಡಿಯುತ್ತದೆ. ಅಳಿವಿನಂಚಿನ ಪಟ್ಟಿಯಲ್ಲಿದ್ದ ಮಾರ್ಖೋರನ್ನು 2015ರಲ್ಲಿ ಅಷ್ಟೇನೂ ಅಪಾಯವಿಲ್ಲದ ಪಟ್ಟಿಗೆ ಸರಿಸಿದರು. ಕೊಲ್ಲಿಸಿಯೇ ಉಳಿಸಿದ್ದು, ವಿಚಿತ್ರ ಅನಿಸಿದರೂ ನಿಜ.

ಮುದಿ ಗಂಡನ್ನೇ ಯಾಕೆ ಹೊಡೆಯಬೇಕು? ಒಂದು ಗಂಡು ಹತ್ತು ಹೆಣ್ಣುಗಳಿಗೆ ಸಾಕು, ವಯಸ್ಸಾದವನು ಹೋದರೆ ಮುಂದಿನ ವರ್ಷದ ಮರಿಗಳ ಸಂಖ್ಯೆ ಕದಲುವುದಿಲ್ಲ. ಆದರೆ ಇದನ್ನೂ ಲಂಗುಲಗಾಮಿಲ್ಲದೆ ಮಾಡುವ ಹಾಗಿಲ್ಲ. ಕೆನಡಾದ ಆಲ್ಬರ್ಟಾದ ಒಂದು ಬೆಟ್ಟದಲ್ಲಿ ಮೂವತ್ತು ವರ್ಷ ದೊಡ್ಡ ಕೋಡಿನ ಕಾಡುಟಗರುಗಳನ್ನೇ ಆರಿಸಿ ಹೊಡೆದರು. ಕೊನೆಗೆ ಅಲ್ಲಿ ಹುಟ್ಟುವ ಟಗರುಗಳ ಕೋಡೇ ಸಣ್ಣದಾಗುತ್ತ ಬಂತು. ನಮ್ಮ ರೈತ ದಪ್ಪ ಕಾಳನ್ನು ಬೀಜಕ್ಕೆ ಎತ್ತಿಡುತ್ತಾನೆ. ಅಲ್ಲಿ ದಪ್ಪ ಕಾಳನ್ನೇ ತಿಂದು ಜೊಳ್ಳನ್ನು ಬಿತ್ತಿದ ಹಾಗಾಯಿತು.

ಇನ್ನು ನಮ್ಮ ಮಾವನ ಹಂದಿಗೆ ಬರೋಣ. ಮನುಷ್ಯನಿಗೂ ಹಂದಿಗೂ ನಡುವಿನ ಜಗಳ ಹೊಸದಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನುವ ನಾಯಿಗೆ ಹತ್ತನೇ ಶತಮಾನದಲ್ಲೇ ಕಲ್ಲು ನಿಲ್ಲಿಸಿದ್ದಾರೆ. ಬಡ್ಡಿ ಲೆಕ್ಕ ಚಿಗರಿಗೆ ಹೊಂದುತ್ತದೆ, ಅದು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಹಂದಿ ನಾಲ್ಕು, ಐದು, ಆರು ಹಾಕುತ್ತದೆ. ಅಷ್ಟೇ ಅಲ್ಲ, ಫ್ರಾನ್ಸಿನ ಒಂದು ಕಾಡಿನಲ್ಲಿ ಸುಮಾರು 20 ವರ್ಷ ಕಾಡುಹಂದಿಗಳನ್ನು ಜೋರಾಗಿ ಬೇಟೆಯಾಡಿದ ಮೇಲೆ ನೋಡಿದರೆ ಅವು ಹೆಚ್ಚುಕಡಿಮೆ 12 ದಿನ ಮೊದಲೇ ಮರಿ ಹಾಕತೊಡಗಿದ್ದವು. ಬೇಗ ಹುಟ್ಟಿದ ಹೆಣ್ಣುಮರಿ ಬೇಟೆಗೆ ಸಿಗುವ ಮುಂಚೆ ತಾನೂ ಒಮ್ಮೆ ಈದುಬಿಡುತ್ತದೆ, ತಡವಾಗಿ ಹುಟ್ಟಿದ್ದಕ್ಕೆ ಆ ಅವಕಾಶ ಇಲ್ಲ. ಬಂದೂಕು ಯಾವುದನ್ನು ಉಳಿಸುತ್ತದೋ ಅದರ ಸಂತಾನ ಹೆಚ್ಚುತ್ತದೆ. ವರ್ಷಕ್ಕೆ ಒಂದೆರಡು ಹೊಡೆದರೆ ಹಂದಿಯ ಲೆಕ್ಕದಲ್ಲಿ ಏನೂ ಆಗುವುದಿಲ್ಲ. ಹೊಲದ ಬದುವಿನಲ್ಲೇ ಹೊಡೆದರೆ ಹೆದರಿಕೆ ಹುಟ್ಟಿ ಸ್ವಲ್ಪ ದಿನ ಆ ಹೊಲ ಬಿಡಬಹುದು, ಪಕ್ಕದ ಹೊಲದವನ ಪುಣ್ಯ!

ಕಾನೂನು ಪೂರ್ತಿ ಬಾಗಿಲು ಮುಚ್ಚಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಗರಿ ಮೊದಲ ಅನುಸೂಚಿಯಲ್ಲಿದೆ, ಅಂದರೆ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ; ಅದರ ತಂಟೆಗೆ ಹೋದರೆ ಜೈಲು. ಹಂದಿ ಎರಡನೆಯದರಲ್ಲಿದೆ. ಬೆಳೆ ಹಾಳುಮಾಡುವ ಎರಡನೇ ಅನುಸೂಚಿಯ ಪ್ರಾಣಿಯನ್ನು ಹೊಡೆಯಲು ಅಧಿಕಾರಿ ಲಿಖಿತ ಅನುಮತಿ ಕೊಡಬಹುದು ಅನ್ನುತ್ತದೆ 11ನೇ ಕಲಮು. ಕೇರಳದವರು 2022ರಲ್ಲಿ ಆ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ತನಕ ಇಳಿಸಿದರು.

ಅನುಮತಿಯಿಲ್ಲದ ಬೇಟೆ ಮಾತ್ರ ಎಂದೂ ನಿಂತಿಲ್ಲ, ಅದನ್ನು ಮುಚ್ಚುಮರೆ ಮಾಡುವುದರಲ್ಲಿ ಅರ್ಥವಿಲ್ಲ. ಬದುವಿನಲ್ಲಿ ಉರುಳು, ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು, ಬೇಲಿಗೆ ಕರೆಂಟು. ಉರುಳಿಗೆ ಕಣ್ಣಿಲ್ಲ, ಹಂದಿಗೆಂದು ಕಟ್ಟಿದ್ದಕ್ಕೆ ಚಿರತೆ ಬೀಳುತ್ತದೆ. ಸಿಡಿಮದ್ದಿಗೆ ಆಕಳ ದವಡೆ ಹೋಗುತ್ತದೆ. ಕರೆಂಟಿಗೆ ನಸುಕಿನಲ್ಲಿ ನೀರು ಹಾಯಿಸಲು ಬಂದ ಮನುಷ್ಯನೇ ಹೋಗುತ್ತಾನೆ. ಇದರಲ್ಲಿ ಯಾರಿಗೂ ಲಾಭವಿಲ್ಲ.

ಹಾಗಾದರೆ ಮಾರ್ಖೋರ್ ಮಾದರಿ ಇಲ್ಲಿಗೆ ತರಬಹುದೇ? ನನ್ನ ಪ್ರಕಾರ ಈಗಿನ ಸ್ಥಿತಿಯಲ್ಲಿ ಆಗದು. ಎಷ್ಟಿವೆ ಅಂತ ವರ್ಷವರ್ಷ ಎಣಿಸದೆ ಬಡ್ಡಿ ಉಣ್ಣಲು ಕೂತರೆ ಉಣ್ಣುವುದು ಅಸಲನ್ನೇ. ನೂರು ಅಂದುಕೊಂಡಲ್ಲಿ ಅರವತ್ತೇ ಇದ್ದು, ಮೇಲೆ ಬರಗಾಲ ಬಿದ್ದರೆ ಮುಗಿಯಿತು. ಎಣಿಸುವ ಕಣ್ಣುಗಳು ನಮ್ಮಲ್ಲಿಲ್ಲ ಅಂತಲ್ಲ. ಗದಗ-ಬೆಟಗೇರಿಯ ಹರಣಶಿಕಾರಿ ಸಮುದಾಯದ ಹಿರಿಯರಿಗೆ ಮಣ್ಣಿನ ಮೇಲಿನ ಗೀರು ನೋಡಿದರೆ ಮೊಲವೋ ಕೌಜುಗವೋ ಗೊತ್ತಾಗುತ್ತಿತ್ತು. ಕಾಯ್ದೆ ಅವರ ಕಸುಬನ್ನು ಅಪರಾಧ ಮಾಡಿತು, ಆ ವಿದ್ಯೆಗೆ ಬೇರೆ ಕೆಲಸ ಕೊಡಲಿಲ್ಲ. ಮಧ್ಯಪ್ರದೇಶದ ಪನ್ನಾದಲ್ಲಿ ಅಂಥದೇ ಪಾರ್ಧಿ ಸಮುದಾಯದವರು ಈಗ ಪ್ರವಾಸಿಗರಿಗೆ ಕಾಡು ತೋರಿಸುವ ಮಾರ್ಗದರ್ಶಿಗಳು.

ಇನ್ನೊಂದು ಕಾರಣ ನೆಲದ್ದು. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ರಾಣೆಬೆನ್ನೂರು ಅಭಯಾರಣ್ಯದಲ್ಲಿ ಬಹುಪಾಲು ನೀಲಗಿರಿ ತೋಪು. ಚಿಗರಿ ಬಯಲಿನ ಪ್ರಾಣಿ, ದೂರದ ತನಕ ಕಣ್ಣು ಹಾಯಬೇಕು, ಕಾಲಿಗೆ ಓಡಲು ಜಾಗ ಬೇಕು. ಹುಲ್ಲುಗಾವಲು ಹೋದ ಮೇಲೆ ಅದರ ಕಣ್ಣಿಗೆ ಬಯಲಾಗಿ ಕಾಣುವುದು ಮಾವನ ಹೊಲವೇ. ನಾಲ್ಕು ಚಿಗರಿ ಹೊಡೆದ ಮಾತ್ರಕ್ಕೆ ಹುಲ್ಲು ಚಿಗುರುವುದಿಲ್ಲ.

ಈ ಬಯಲಿಗೆ ತನ್ನದೇ ಬೇಟೆಗಾರರಿದ್ದರು ಅನ್ನುವುದನ್ನೂ ಮರೆತಿದ್ದೇವೆ. ಚಿಗರಿಯ ಓಟ ಚೀತಾದಿಂದ ಕಲಿತದ್ದು. ದೇಶದ ಕೊನೆಯ ಮೂರು ಚೀತಾಗಳನ್ನು 1947ರಲ್ಲಿ ಈಗಿನ ಛತ್ತೀಸಗಡದಲ್ಲಿದ್ದ ಕೊರಿಯಾ ಸಂಸ್ಥಾನದ ರಾಜ ಒಂದೇ ರಾತ್ರಿಯಲ್ಲಿ ಹೊಡೆದರಂತೆ. ಉಳಿದದ್ದು ತೋಳ. ಗದಗಿನ ಕಪ್ಪತಗುಡ್ಡದ ಸುತ್ತ, ಹಾವೇರಿಯ ಕುರುಚಲಿನಲ್ಲಿ ಅದು ಇನ್ನೂ ಅಡ್ಡಾಡುತ್ತದೆ. ದೇಶದಲ್ಲೆಲ್ಲ ಸೇರಿ ಸುಮಾರು 3,100 ಅಂತ ಅಂದಾಜು. ಅದಕ್ಕೆ ಪರವಾನಗಿ ಬೇಡ, ಪಗಾರ ಬೇಡ. ಅದು ಎತ್ತುವುದು ದೊಡ್ಡ ಕೋಡಿನದನ್ನಲ್ಲ, ಮರಿಯನ್ನು, ಕುಂಟುವುದನ್ನು. ತೊಂದರೆ ಒಂದೇ, ಕುರಿಯೂ ಅದಕ್ಕೆ ಅಷ್ಟೇ ಸಲೀಸು.

ಆ ರಾತ್ರಿ ಕಳೆದು ಬೆಳಗಾದ ಮೇಲೆ ಹೊಲದ ಹಸಿ ಎರೆಮಣ್ಣಿನಲ್ಲಿ, ಹಂದಿಯ ಗೊರಸಿನ ಗುರುತುಗಳ ಮಗ್ಗುಲಲ್ಲೇ, ನಾಯಿಯ ಹೆಜ್ಜೆಯಂಥವು ಕಂಡವು. ದಾರಿಯಲ್ಲಿ ಹೊರಟಿದ್ದ ಕುರಿಗಾಹಿಯನ್ನು ಮಾವ ಕರೆದರು. ಆತ ಕುಕ್ಕರಗಾಲಲ್ಲಿ ಕೂತು, ಬೆರಳಿಂದ ಒಂದೊಂದೇ ಹೆಜ್ಜೆ ಮುಟ್ಟುತ್ತ ಬದುವಿನ ತನಕ ಕಣ್ಣಾಡಿಸಿದ.

“ನಾಯಿ ಹಿಂಗ ನೂಲು ಹಿಡದಂಗ ನಡಿಯೂದಿಲ್ರೀ ಗೌಡ್ರ. ತ್ವಾಳ ಇದು. ಹಂದಿಮರಿ ಬೆನ್ನ ಹತ್ತಿ ಬಂದೈತಿ.”

“ಹಂಗಾರ ಸುಗ್ಗಿ ಮುಗಿಯೂತನ ಇಲ್ಲೇ ಇರಲಿ ಬಿಡೋ,” ಅಂತ ಮಾವ ನಕ್ಕರು.

ಕುರಿಗಾಹಿ ನಗಲಿಲ್ಲ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಆವತ್ತು ಹಟ್ಟಿಯನ್ನು ಹೊಳೆಯ ಆಚೆ ದಂಡೆಗೆ ಹಾಕಬೇಕು ಅಂತ ಮಗನಿಗೆ ಕೂಗಿ ಹೇಳಿದ.