ನಾರುಹುಣ್ಣು: ಲಸಿಕೆಯೂ ಇಲ್ಲದೆ ಸೋತ ರೋಗ

ಜಗತ್ತಿನ ದೊಡ್ಡ ಸಮಸ್ಯೆಗಳು ಬಗೆಹರಿಯುತ್ತವೆ ಎನ್ನಲು ಸಾಮಾನ್ಯವಾಗಿ ಸಿಡುಬಿನ ಉದಾಹರಣೆ ಕೊಡುತ್ತಾರೆ. ಸಿಡುಬಿಗೆ ಲಸಿಕೆಯಿತ್ತು. ನನಗೆ ಹೆಚ್ಚು ಧೈರ್ಯ ಕೊಡುವುದು ನಾರುಹುಣ್ಣಿನ ಕತೆ. ಅದಕ್ಕೆ ಲಸಿಕೆಯೂ ಇಲ್ಲ, ಔಷಧವೂ ಇಲ್ಲ. ಆದರೂ 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರನ್ನು ಕಾಡುತ್ತಿದ್ದ ರೋಗ 2024ರಲ್ಲಿ ಇಡೀ ಜಗತ್ತಿನಲ್ಲಿ ಕಂಡದ್ದು 15 ಜನರಲ್ಲಿ.

ಉತ್ತರ ಕರ್ನಾಟಕದ ಹಿರಿಯರಿಗೆ ಈ ಹುಣ್ಣು ಗೊತ್ತು. ನಿಂತ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಚಿಗಟಗಳಿರುತ್ತವೆ. ಅವುಗಳ ಹೊಟ್ಟೆಯಲ್ಲಿ ಹುಳುವಿನ ಮರಿ. ಸೋಸದೆ ಕುಡಿದರೆ ಮರಿ ನಮ್ಮ ಒಡಲು ಸೇರುತ್ತದೆ, ಒಂದು ವರ್ಷ ಸದ್ದಿಲ್ಲದೆ ಬೆಳೆಯುತ್ತದೆ. ಆಮೇಲೆ ಕಾಲಿನ ಮೇಲೆ ಬೊಬ್ಬೆ ಎದ್ದು, ಒಡೆದು, ಮೀಟರ್ ಉದ್ದದವರೆಗಿನ ಬಿಳಿ ದಾರದಂಥ ಹೆಣ್ಣುಹುಳು ತಲೆ ಹೊರಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತುತ್ತಾ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ನಡುವೆ ಹರಿದರೆ ಕಾಲೆಲ್ಲ ಬಾತು ಕೀವಾಗುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿಗೆ ಇಳಿಬಿಟ್ಟರಂತೂ ಮುಗಿಯಿತು: ಹುಳು ಲಕ್ಷಾಂತರ ಮರಿಗಳನ್ನು ಅಲ್ಲೇ ಬಿಡುತ್ತದೆ, ಊರವರೆಲ್ಲ ಅದೇ ನೀರು ಕುಡಿಯುತ್ತಾರೆ.

ಮೆಟ್ಟಿಲು ಬಾವಿಗಳು ಅಪಾಯಕಾರಿಯಾದದ್ದು ಇದಕ್ಕೇ. ಕೊಡ ತುಂಬಲು ಕಾಲು ನೀರಿಗಿಡದೆ ವಿಧಿಯಿರಲಿಲ್ಲ. ಇಂದು ನಾವು ಫೋಟೋ ತೆಗೆದುಕೊಳ್ಳುವ ಆ ಚೆಂದದ ಬಾವಿಗಳಲ್ಲಿ ಎಷ್ಟೋ ಅಂದು ರೋಗದ ತವರಾಗಿದ್ದವು.

ಭಾರತ 1980ರ ದಶಕದಲ್ಲಿ ನಿರ್ಮೂಲನ ಕಾರ್ಯಕ್ರಮ ಶುರು ಮಾಡಿದಾಗ ರಾಜಸ್ಥಾನದಿಂದ ಕರ್ನಾಟಕದವರೆಗೆ ಸುಮಾರು 40 ಸಾವಿರ ರೋಗಿಗಳಿದ್ದರು. ಮಾಡಿದ ಕೆಲಸದಲ್ಲಿ ಬೆರಗಿನದೇನೂ ಇರಲಿಲ್ಲ. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು, ನೀರನ್ನು ಬಟ್ಟೆಯಲ್ಲಿ ಸೋಸಲು ಹೇಳಿಕೊಟ್ಟರು, ನೀರುಚಿಗಟಗಳನ್ನು ಕೊಲ್ಲುವ ಟೆಮೆಫಾಸ್ ಎಂಬ ರಾಸಾಯನಿಕವನ್ನು ನೀರಿಗೆ ಹಾಕಿದರು. ಮೆಟ್ಟಿಲು ಬಾವಿಗಳು ಸೇದುವ ಬಾವಿಗಳಾದವು, ಊರಿಗೆ ಕೈಪಂಪು ಬಂತು. ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ರೋಗಮುಕ್ತವೆಂದು ಸಾರಿತು.

ಆಫ್ರಿಕದ ಹಾದಿ ಇಷ್ಟು ನೇರವಾಗಿರಲಿಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸಂಸ್ಥೆ 1986ರಿಂದ ಇದರ ಬೆನ್ನು ಹತ್ತಿತ್ತು. 1995ರಲ್ಲಿ ಸುಡಾನಿನ ಅಂತರ್ಯುದ್ಧದ ನಡುವೆ ಕಾರ್ಟರ್ ಮಾತುಕತೆ ನಡೆಸಿ ಕದನವಿರಾಮ ಮಾಡಿಸಿದರು. ಆ ಕೆಲವು ತಿಂಗಳಲ್ಲಿ ಕಾರ್ಯಕರ್ತರು ಹಳ್ಳಿಗಳಿಗೆ ಸೋಸುವ ಬಟ್ಟೆ ತಲುಪಿಸಿದರು. ಒಂದು ಹುಳುವಿಗಾಗಿ ಬಂದೂಕುಗಳು ಸುಮ್ಮನಾದದ್ದು ಸಣ್ಣ ಮಾತಲ್ಲ.

ಗಡುವುಗಳು ಮಾತ್ರ ತಪ್ಪುತ್ತಲೇ ಬಂದಿವೆ. ಮೊದಲು 1995 ಎಂದಿದ್ದರು, ಆಮೇಲೆ 2009, 2020, ಈಗ 2030. 'ಇನ್ನೇನು ಮುಗಿಯಿತು' ಎನ್ನುವಾಗ, 2012ರಲ್ಲಿ ಚಾಡ್ ದೇಶದ ನಾಯಿಗಳಲ್ಲೂ ಹುಳು ಕಾಣಿಸಿತು. ಮನುಷ್ಯರಿಗೆ ತಿಳಿಹೇಳಬಹುದು, ನಾಯಿಗೆ ಹೇಗೆ ಹೇಳುವುದು? ಅಲ್ಲಿನವರು ಅದಕ್ಕೂ ದಾರಿ ಹುಡುಕಿದ್ದಾರೆ. ಹುಳು ಕಂಡ ನಾಯಿಯನ್ನು ನೀರಿಗಿಳಿಯದಂತೆ ಕಟ್ಟಿಹಾಕುತ್ತಾರೆ. ಸುಳಿವು ಕೊಟ್ಟವರಿಗೆ, ನಾಯಿ ಕಟ್ಟಿದವರಿಗೆ ಹಣ ಕೊಡುತ್ತಾರೆ. ಹುಳುವಿನ ಮರಿ ಇರಬಹುದಾದ ಮೀನಿನ ಕರುಳನ್ನು ನಾಯಿಗೆ ಎಸೆಯದೆ ಹೂಳುವಂತೆ ಮೀನುಗಾರರಿಗೆ ಹೇಳುತ್ತಾರೆ. 2019ರಲ್ಲಿ ಸೋಂಕು ತಗುಲಿದ ಪ್ರಾಣಿಗಳು ಸುಮಾರು ಎರಡು ಸಾವಿರವಿದ್ದವು, 2024ಕ್ಕೆ ಅವು ಏಳು ನೂರಕ್ಕೂ ಕಡಿಮೆ.