ಓದುಗರ ಪ್ರಶ್ನೆ: ಉಪ್ಪು ನೀರಿನಲ್ಲಿ ಗಾಳಿ ಕಡಿಮೆ ಕರಗುವುದೇಕೆ?

ಪ್ರಶ್ನೆ: ಸಮುದ್ರದ ನೀರಿನಲ್ಲಿ ಕೆರೆಯ ನೀರಿಗಿಂತ ಕಡಿಮೆ ಆಮ್ಲಜನಕ ಕರಗುತ್ತದಂತೆ. ಗಾಳಿಯ ಜಾಗವನ್ನು ಉಪ್ಪು ಹಿಡಿದುಕೊಂಡಿರುವುದೇ ಕಾರಣವಲ್ಲವೇ?

ಅಲ್ಲ. ಹಿಂದೆಯೂ ಅಲ್ಲ ಎಂದೇ ಬರೆದಿದ್ದೇನೆ. ಪ್ರಶ್ನೆಯ ಮೊದಲರ್ಧ ಮಾತ್ರ ಸರಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ, ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳುತ್ತದೆ. ಸಮುದ್ರದ ನೀರಿಗೆ ಇದರಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗ ಖೋತಾ.

ಇನ್ನು ಆ ‘ಜಾಗ’ದ ವಿಚಾರ. ನೀರಿನೊಳಗೆ ಹುಬ್ಬಳ್ಳಿ–ಧಾರವಾಡ ಬಸ್ಸಿನ ಹಾಗೆ ಎಣಿಸಿಟ್ಟ ಸೀಟುಗಳಿವೆ, ಮೊದಲು ಹತ್ತಿದ ಉಪ್ಪು ಕುಳಿತುಬಿಟ್ಟಿತು ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಕರಗಬಹುದಾದ ಆಮ್ಲಜನಕಕ್ಕಿಂತ ತೂಕದಲ್ಲಿ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು! ಸೀಟಿನ ಮಾತು ನಿಜವಾಗಿದ್ದರೆ ಆಮ್ಲಜನಕಕ್ಕೆ ನಿಲ್ಲಲೂ ಎಡೆ ಸಿಗುತ್ತಿರಲಿಲ್ಲ, ಐದರಲ್ಲಿ ನಾಲ್ಕು ಪಾಲು ಉಳಿಯುವುದು ದೂರದ ಮಾತು. 1803ರಲ್ಲಿ ವಿಲಿಯಂ ಹೆನ್ರಿ ತೋರಿಸಿಕೊಟ್ಟಂತೆ, ಎಷ್ಟು ಅನಿಲ ಕರಗಬೇಕೆಂಬುದನ್ನು ನೀರಿನ ಮೇಲಿರುವ ಅದೇ ಅನಿಲದ ಒತ್ತಡ ನಿರ್ಧರಿಸುತ್ತದೆ. ಪಕ್ಕದಲ್ಲಿ ಸಾರಜನಕ ಕರಗಿದೆಯೆಂದು ಆಮ್ಲಜನಕ ಹೊರಬೀಳುವುದಿಲ್ಲ.

ಇಷ್ಟು ಹೇಳಿದ ಮೇಲೂ ಗೋಲಿ ಸೋಡಾದ ಸಾಕ್ಷಿ ಬಂದೇ ಬರುತ್ತದೆ. ನಿಂಬೆ ಸೋಡಾಕ್ಕೆ ಚಿಟಿಕೆ ಉಪ್ಪು ಬಿದ್ದೊಡನೆ ನೊರೆ ಉಕ್ಕಿ ಲೋಟದ ಅಂಚು ದಾಟುತ್ತದೆ. ‘ಉಪ್ಪು ಒಳಗೆ ಹೋಯಿತು, ಗಾಳಿ ಹೊರಗೆ ಬಂತು, ಇನ್ನೇನು ಬೇಕು ಸರ್?’ ಬೇಕು. ಉಪ್ಪಿನ ಬದಲು ಸಕ್ಕರೆ ಹಾಕಿ, ನೊರೆ ಬರುತ್ತದೆ. ತೊಳೆದು ಒಣಗಿಸಿದ ಮರಳು ಹಾಕಿ (ಆಮೇಲೆ ಕುಡಿಯಬೇಡಿ), ಆಗಲೂ ಬರುತ್ತದೆ. ಮರಳು ಕರಗುವುದೇ ಇಲ್ಲ, ಮತ್ತೆ ಅದು ಯಾವ ಸೀಟು ಹಿಡಿಯಿತು? ಒತ್ತಡದಲ್ಲಿ ತುಂಬಿದ ಇಂಗಾಲದ ಡೈಆಕ್ಸೈಡ್, ಗೋಲಿ ಒತ್ತಿದ ಕ್ಷಣದಿಂದ ಹೊರಬರಲು ಕಾಯುತ್ತಿರುತ್ತದೆ. ಗುಳ್ಳೆ ಹುಟ್ಟಲು ಅದಕ್ಕೊಂದು ಆಸರೆ ಬೇಕು. ಹರಳುಗಳ ಒರಟು ಮೈ, ಅದರ ಸಂದಿಗಳಲ್ಲಿ ಸಿಕ್ಕಿಕೊಂಡ ಗಾಳಿ ಆ ಆಸರೆ ಕೊಡುತ್ತವೆ. ಅದೇ ಉಪ್ಪನ್ನು ಎರಡು ಚಮಚ ನೀರಿನಲ್ಲಿ ಪೂರ್ತಿ ಕರಗಿಸಿ, ಲೋಟದ ಒಳಬದಿಗೆ ತಾಗಿಸಿ ಮೆಲ್ಲಗೆ ಇಳಿಬಿಡಿ. ಆ ಅಬ್ಬರ ಇರುವುದಿಲ್ಲ.

ನಿಜವಾದ ಕಾರಣವನ್ನು ಎರಡೇ ಸಾಲಿನಲ್ಲಿ ಹೇಳಬಹುದು. ಕರಗಿದ ಉಪ್ಪು ವಿದ್ಯುದಾವೇಶವಿರುವ ಸೋಡಿಯಂ, ಕ್ಲೋರೈಡ್ ಅಯಾನುಗಳಾಗಿ ಬೇರ್ಪಟ್ಟು, ಸುತ್ತಲಿನ ನೀರಿನ ಅಣುಗಳನ್ನು ಬಲವಾಗಿ ಸೆಳೆದುಕೊಳ್ಳುತ್ತದೆ. ಆವೇಶವೇ ಇಲ್ಲದ ಆಮ್ಲಜನಕಕ್ಕೆ ನೀರಿನೊಡನೆ ಮೊದಲೇ ನಂಟು ಸಡಿಲ, ಈಗ ಅದು ಇನ್ನಷ್ಟು ಸಡಿಲವಾಗುತ್ತದೆ.

ಹಾಗಾದರೆ ಕಾರವಾರದ ಮೀನಿಗಿಂತ ನಮ್ಮ ಹುಬ್ಬಳ್ಳಿಯ ಉಣಕಲ್ ಕೆರೆಯ ಮೀನು ಸುಖಿಯೇ? ಯಾರೂ ಕೇಳಲಿಲ್ಲ, ಕೇಳಬೇಕಿತ್ತು. 30 ಡಿಗ್ರಿಯಲ್ಲಿ ಕಾರವಾರದ ಸಮುದ್ರದ ನೀರು ಲೀಟರಿಗೆ 6.2 ಮಿಲಿಗ್ರಾಂ ಆಸುಪಾಸಿನಲ್ಲಿ ಆಮ್ಲಜನಕ ಹಿಡಿಯಬಲ್ಲದು. ಅಷ್ಟೇ ಬಿಸಿಯ ಸಿಹಿನೀರಿಗೆ ಸಮುದ್ರಮಟ್ಟದಲ್ಲಿ 7.5 ಸಾಧ್ಯ. ಆದರೆ ಹುಬ್ಬಳ್ಳಿ 600 ಮೀಟರಿಗೂ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇಲ್ಲಿ ಸುಮಾರು 7. ಬಿಸಿಲಿನ ಪೆಟ್ಟಂತೂ ಉಪ್ಪಿನದಕ್ಕಿಂತ ದೊಡ್ಡದು: ಸೊನ್ನೆ ಡಿಗ್ರಿಯ ಸಿಹಿನೀರಿನಲ್ಲಿ 14.6 ಇದ್ದದ್ದು 30 ಡಿಗ್ರಿಗೆ ಬರುವಷ್ಟರಲ್ಲಿ ಅರ್ಧಕ್ಕಿಳಿದಿರುತ್ತದೆ.

ಸಮುದ್ರವನ್ನು ಅಲೆಗಳು ಸದಾ ಕಲಕುತ್ತಿರುತ್ತವೆ. ಪಾಚಿಗಟ್ಟಿದ ನಿಂತ ಕೆರೆಗೆ ಆ ಭಾಗ್ಯವಿಲ್ಲ. ಹಗಲು ಪಾಚಿ ಧಾರಾಳವಾಗಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೂ ಉಸಿರಾಡಿ ಖರ್ಚು ಮಾಡುತ್ತದೆ. ಬೇಸಿಗೆಯ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಊರಿನವರು ಮಾತ್ರ ಯಾರೋ ವಿಷ ಹಾಕಿದರೆಂದು ದೂರು ಕೊಡಲು ಹೊರಡುತ್ತಾರೆ. ದೂರು ಕೊಡಿ, ಬೇಡವೆನ್ನುವುದಿಲ್ಲ. ಆದರೆ ನೀರಿನ ಆಮ್ಲಜನಕವನ್ನು ಹೊತ್ತು ಹುಟ್ಟುವ ಮೊದಲೇ ಅಳೆಯಿಸಿ. ಮಧ್ಯಾಹ್ನ ಊಟ ಮುಗಿಸಿ ಬಂದು ಅಳೆದವರಿಗೆ ಅದೇ ಕೆರೆಯಲ್ಲಿ ಆಮ್ಲಜನಕಕ್ಕೆ ಕೊರತೆಯೇ ಕಾಣುವುದಿಲ್ಲ.